ಮೊಗ್ಲಿಂಗರ ಮನೆ ಮತ್ತು ಆ ಮನೆಯ ಹುಡುಗರು

ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗರ ಹೆಸರು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಮುಖ್ಯವಾಗಿ ಎರಡು ಕಾರಣಗಳಿಂದ ಪರಿಚಿತವಾಗಿದೆ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಆರಂಭವಾದ ‘ಮಂಗಳೂರ ಸಮಾಚಾರ’ ಪತ್ರಿಕೆಯ ಸಂಪಾದಕರೆಂಬುದು ಒಂದು. ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದವರೆಂಬುದು ಮತ್ತೊಂದು. ಪತ್ರಿಕೋದ್ಯಮದ ಚರಿತ್ರೆಯಾಗಲಿ ಗ್ರಂಥಸಂಪಾದನೆಯ ಚರಿತ್ರೆಯಾಗಲಿ ಇವರ ಹೆಸರಿನಿಂದಲೇ ಪ್ರಾರಂಭವಾಗುವುದು ವಾಡಿಕೆ. ಆದರೆ ಆ ಬರಹಗಳಲ್ಲಿ ಕಾಣಿಸುವ ಮೊಗ್ಲಿಂಗರು ಅಚ್ಚುಕೂಟದಲ್ಲಿ ನಿಂತ ಒಬ್ಬಂಟಿ ವಿದ್ವಾಂಸರು. ವಾಸ್ತವದಲ್ಲಿ ಅವರು ಒಬ್ಬಂಟಿಯಾಗಿ ಬದುಕಿದ ದಿನಗಳು ತೀರ ಕಡಿಮೆ. ಮಂಗಳೂರಿನಲ್ಲಿ ಕಳೆದ ವರ್ಷಗಳಲ್ಲಿ ಬಹುಭಾಗ ಅವರ ಸುತ್ತ ಹುಡುಗರಿದ್ದರು. ಅವರು ಉಂಡದ್ದು, ಮಲಗಿದ್ದು, ಓದಿದ್ದು, ಪ್ರಾರ್ಥಿಸಿದ್ದು ಬೇರೆಯವರ ಮನೆಗಳಿಂದ ಬಂದ ಮಕ್ಕಳ ನಡುವೆ. ಈ ಲೇಖನದಲ್ಲಿ ಮೊಗ್ಲಿಂಗರ ಜೀವನವನ್ನು ಆ ಮನೆಯ ಕಡೆಯಿಂದ ನೋಡುವ ಪ್ರಯತ್ನ ಮಾಡಲಾಗಿದೆ.

ಮೊಗ್ಲಿಂಗರು ಹುಟ್ಟಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಆ ಸೀಮೆಯು ಪಯಟಿಸ್ಟ್ ಎಂಬ ಭಕ್ತಿಪರ ಕ್ರೈಸ್ತ ಪಂಥದ ನೆಲೆ. ಈ ಪಂಥದವರು ದೇವಾಲಯದಷ್ಟೇ ಮಹತ್ವವನ್ನು ಮನೆಗೂ ಕೊಟ್ಟವರು. ಮುಂಜಾನೆ ಮತ್ತು ಸಂಜೆ ಮನೆಯ ಯಜಮಾನ ಬೈಬಲನ್ನು ಓದಬೇಕು, ಹೆಂಡತಿ ಮಕ್ಕಳು ಆಳುಗಳು ಸೇರಿ ಕೇಳಬೇಕು, ಒಟ್ಟಾಗಿ ಹಾಡಬೇಕು. ಧರ್ಮಜ್ಞಾನಕ್ಕಿಂತ ಹೃದಯದ ಪರಿವರ್ತನೆ ಮುಖ್ಯ, ಆ ಪರಿವರ್ತನೆ ದಿನನಿತ್ಯದ ನಡೆಯಲ್ಲಿ ಕಾಣಬೇಕು ಎಂಬುದು ಅವರ ನಂಬಿಕೆ. 17ನೆಯ ಶತಮಾನದ ಕೊನೆಯಲ್ಲಿ ಹಾಲೆ ಪಟ್ಟಣದಲ್ಲಿ ಆಗಸ್ಟ್ ಹರ್ಮನ್ ಫ್ರಾಂಕೆ ಕಟ್ಟಿದ ಅನಾಥಾಲಯವು ಈ ಕುಟುಂಬ ಕಲ್ಪನೆಯನ್ನು ಒಂದು ಸಂಸ್ಥೆಯ ರೂಪಕ್ಕೆ ಹಿಗ್ಗಿಸಿತ್ತು. ಅಂಥ ವಸತಿ ಶಾಲೆಗಳ ಮೇಲ್ವಿಚಾರಕನನ್ನು ಜರ್ಮನ್ ಭಾಷೆಯಲ್ಲಿ ಮನೆಯ ತಂದೆ ಎಂಬ ಅರ್ಥದ ಪದದಿಂದಲೇ ಕರೆಯುತ್ತಿದ್ದರು. ಮುಂದೆ ಮಂಗಳೂರಿನಲ್ಲಿ ಮೊಗ್ಲಿಂಗರು ವಹಿಸಿದ ಪಾತ್ರವನ್ನು ಅರ್ಥಮಾಡಿಕೊಳ್ಳಲು ಈ ಪದವನ್ನು ನೆನಪಿನಲ್ಲಿಡುವುದು ಅಗತ್ಯ.

ಟ್ಯೂಬಿಂಗನ್ನಿನಲ್ಲಿ ದೇವತಾಶಾಸ್ತ್ರವನ್ನು ಓದಿದ ಅನಂತರ ಮೊಗ್ಲಿಂಗರು ಬಾಸೆಲ್ ಮಿಶನ್ನನ್ನು ಸೇರಿದರು. 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಭಾರತದ ಬಾಗಿಲು ತೆರೆದದ್ದು ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದಿನಿಂದ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಎರಡು ವರ್ಷಗಳ ತರುವಾಯ, 1836ರಲ್ಲಿ, ಮೊಗ್ಲಿಂಗರು ಬಂದಿಳಿದರು. ಮಿಶನ್ನಿನ ಬಹುಪಾಲು ಸದಸ್ಯರು ರೈತಾಪಿ ಮತ್ತು ಕುಶಲಕರ್ಮಿ ಮನೆತನಗಳಿಂದ ಬಂದವರಾಗಿದ್ದಾಗ ಇವರು ವಿಶ್ವವಿದ್ಯಾಲಯದ ಶಿಕ್ಷಣ ಪಡೆದ ಕೆಲವೇ ಮಂದಿಯಲ್ಲಿ ಒಬ್ಬರು. ಮಲಯಾಳಂ ನಿಘಂಟಿನ ಕರ್ತೃ ಹರ್ಮನ್ ಗುಂಡರ್ಟರೂ ಟ್ಯೂಬಿಂಗನ್ನಿನಲ್ಲಿ ಓದಿದವರೇ. 1840ರಲ್ಲಿ ಬಂದ ಗಾಟ್‌ಫ್ರೀಡ್ ವೈಗ್ಲೆಯವರು ಮೊಗ್ಲಿಂಗರಿಗೆ ಸಂಬಂಧದಲ್ಲಿ ಸೋದರ. ಈ ಮೂವರ ಕುಟುಂಬಗಳ ಕಥೆ ಮುಂದೆ ಹೆಣೆದುಕೊಳ್ಳುತ್ತದೆ.

ಮಂಗಳೂರಿನ ಮನೆಯನ್ನು ಪ್ರವೇಶಿಸುವ ಮೊದಲು ಮೊಗ್ಲಿಂಗರು ಉತ್ತರ ಕರ್ನಾಟಕದಲ್ಲಿ ಕಳೆದ ದಿನಗಳ ಬಗ್ಗೆ ಒಂದು ಮಾತು ಹೇಳಬೇಕು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಮಿಶನ್ನಿನ ಕೇಂದ್ರಗಳು ಆರಂಭವಾದವು. ಹುಬ್ಬಳ್ಳಿಯಲ್ಲಿದ್ದಾಗ ಮೊಗ್ಲಿಂಗರನ್ನು ಕಾಲಜ್ಞಾನ ಪರಂಪರೆಗೆ ಸೇರಿದ ಜನರ ಗುಂಪೊಂದು ಕಂಡಿತು. ತಮ್ಮ ಕಾಲಜ್ಞಾನದ ಹೊತ್ತಗೆಗಳಲ್ಲಿ ಹೇಳಿರುವ ಪರಸ್ಥಳದ ಗುರುಗಳು ಇವರೇ ಇರಬಹುದೆಂಬ ನಿರೀಕ್ಷೆ ಆ ಜನರದು. ಊರಿಗೆ ಊರೇ ಕ್ರಿಸ್ತನ ಕಡೆಗೆ ತಿರುಗುವ ಕಾಲ ಬಂದಿತೆಂದು ಮೊಗ್ಲಿಂಗರು ಬಗೆದರು. ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಅವರಿಗಾಗಿ ಒಂದು ಕೃಷಿ ವಸಾಹತನ್ನು ಕಟ್ಟುವ ಯೋಜನೆಯೂ ಸಿದ್ಧವಾಯಿತು. ಆದರೆ ಬರುವೆವೆಂದವರು ಬರಲಿಲ್ಲ. ಕೊಡೇಕಲ್ಲು, ತಿಂಥಣಿಗಳ ನೆರೆಯಲ್ಲಿ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ಕುಳಿತು ಇದನ್ನು ಬರೆಯುತ್ತಿರುವ ನನಗೆ ಈ ಪ್ರಸಂಗದಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ಕಾಲಜ್ಞಾನದ ವಚನಗಳನ್ನು ಕೇಳಿ ಬೆಳೆದ ಪ್ರದೇಶದ ಜನ ಬರಲಿರುವವನ ದಾರಿ ಕಾಯುವುದನ್ನು ಬಲ್ಲರು. ಬಂದವನ ಹಿಂದೆ ಹೋಗುವುದು ಬೇರೆ ಮಾತು. ಮೊಗ್ಲಿಂಗರು ಮಾತ್ರ ಇದರಿಂದ ಒಂದು ಪಾಠವನ್ನು ಕಲಿತಂತೆ ತೋರುತ್ತದೆ. ಅಲ್ಲಿಂದ ಮುಂದೆ ಅವರು ಸಮೂಹವನ್ನು ಬಿಟ್ಟು ಮಕ್ಕಳ ಕಡೆಗೆ ತಿರುಗಿದರು.

1840ರ ದಶಕದ ಆರಂಭದಲ್ಲಿ ಮಂಗಳೂರಿಗೆ ಮರಳಿದ ಅವರು ಹುಡುಗರ ವಸತಿ ಶಾಲೆಯ ಹೊಣೆಯನ್ನು ಹೊತ್ತರು. 1840ರಲ್ಲಿ ಅಂದಿನ ಕಲೆಕ್ಟರ್ ಬ್ಲೇರ್ ಅವರು ಬಲ್ಮಠದ ಗುಡ್ಡದ ಮೇಲಿನ ಜಾಗವನ್ನು ಮಿಶನ್ನಿಗೆ ದಾನವಾಗಿ ಕೊಟ್ಟಿದ್ದರು. ಮೊಗ್ಲಿಂಗರು ಅನುಸರಿಸಿದ ಕ್ರಮ ಆ ಕಾಲದ ಯುರೋಪಿಯನ್ನರಿಗೆ ಅಪರೂಪವಾದದ್ದು. ಬಂಗಲೆಯಲ್ಲಿ ಒಂದು ಕಡೆ ತಾವು, ದೂರದ ಕೊಠಡಿಗಳಲ್ಲಿ ಹುಡುಗರು ಎಂಬ ವ್ಯವಸ್ಥೆಯನ್ನು ಅವರು ಒಪ್ಪಲಿಲ್ಲ. ಹುಡುಗರಿರುವ ಮನೆಯಲ್ಲೇ ತಾವೂ ಇದ್ದರು, ಅವರು ಉಣ್ಣುವುದನ್ನೇ ಉಂಡರು. ಹಗಲಿರುಳೂ ಅವರೊಂದಿಗಿದ್ದು ಅವರ ಭಾಷೆಯಲ್ಲಿ ಮಾತಾಡಿದರು. ಕಲಿಕೆಯ ಮಾಧ್ಯಮ ಕನ್ನಡ. ಇಂಗ್ಲಿಷ್ ಕಲಿತರೆ ಕಂಪನಿಯ ಕಚೇರಿಗಳಲ್ಲಿ ಗುಮಾಸ್ತಿಕೆ ದೊರೆಯುತ್ತಿದ್ದ ಕಾಲವದು. ಆದರೆ ತನ್ನ ಜನರಿಗೆ ಬೋಧಿಸಬೇಕಾದ ಹುಡುಗ ತನ್ನ ಜನರ ಮಾತಿನಿಂದ ದೂರ ಹೋಗಬಾರದು ಎಂಬುದು ಮೊಗ್ಲಿಂಗರ ಖಚಿತ ನಿಲುವಾಗಿತ್ತು. 1847ರಲ್ಲಿ ಇದೇ ಬುನಾದಿಯ ಮೇಲೆ ಅವರು ಸೆಮಿನರಿಯನ್ನು ಸ್ಥಾಪಿಸಿದರು. ಇಂದಿನ ಕರ್ನಾಟಕ ದೇವತಾಶಾಸ್ತ್ರ ಕಾಲೇಜು ತನ್ನ ಮೂಲವನ್ನು ಅಲ್ಲಿಗೇ ಒಯ್ಯುತ್ತದೆ.

ಹುಡುಗರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರೆಂಬುದು ಇಂದು ಸಾಮಾನ್ಯ ಸಂಗತಿಯಂತೆ ಕಾಣಬಹುದು. 1840ರ ಮಂಗಳೂರಿನಲ್ಲಿ ಅದು ಅತ್ಯಂತ ಗಂಭೀರವಾದ ವಿಷಯ. ಬಾಸೆಲ್ ಮಿಶನ್ ದೀಕ್ಷಾಸ್ನಾನ ಪಡೆದವರಲ್ಲಿ ಜಾತಿಯ ಆಚರಣೆ ಉಳಿಯಕೂಡದೆಂದು ಕಟ್ಟುನಿಟ್ಟಾಗಿ ವಿಧಿಸಿತ್ತು. ಕರಾವಳಿಯಲ್ಲಿ ಮತಾಂತರಗೊಂಡವರಲ್ಲಿ ಬಿಲ್ಲವರು ಹೆಚ್ಚಿನ ಸಂಖ್ಯೆಯಲ್ಲಿದ್ದರು. ಬೇರೆ ಬೇರೆ ಜಾತಿಯ ಮನೆಗಳಿಂದ ಬಂದ ಮಕ್ಕಳು ಒಂದೇ ಪಾತ್ರೆಯ ಅನ್ನವನ್ನು ಉಂಡಾಗ ಅವರು ತಮ್ಮ ಮನೆಗೆ ಹಿಂದಿರುಗುವ ದಾರಿ ಅರ್ಧ ಮುಚ್ಚಿಹೋಗುತ್ತಿತ್ತು. ಮೊಗ್ಲಿಂಗರ ಮನೆಯ ಅನ್ನದಲ್ಲಿ ವಾತ್ಸಲ್ಯವಿತ್ತು, ನಿಜ. ಆ ಅನ್ನಕ್ಕೆ ಒಂದು ಬೆಲೆಯೂ ಇತ್ತು, ಅದನ್ನು ತೆತ್ತವರು ಹುಡುಗರು ಮತ್ತು ಅವರ ತಂದೆತಾಯಿಗಳು. ಮಿಶನರಿಗಳ ಸೇವೆಯನ್ನು ಕೊಂಡಾಡುವ ನಮ್ಮ ಬರಹಗಳಾಗಲಿ ಅವರನ್ನು ವಸಾಹತುಶಾಹಿಯ ಕೈಗೊಂಬೆಗಳೆಂದು ತಳ್ಳಿಹಾಕುವ ಬರಹಗಳಾಗಲಿ ಈ ಎರಡನ್ನೂ ಒಟ್ಟಿಗೆ ನೋಡಿರುವುದು ಕಡಿಮೆ.

ಈ ಬೆಲೆ ಎಷ್ಟೆಂಬುದು ಬಹಿರಂಗವಾದದ್ದು 1844ರ ಜನವರಿ 6ರಂದು. ಆ ದಿನ ಮಂಗಳೂರಿನಲ್ಲಿ ಮೂವರು ಸಾರಸ್ವತ ಬ್ರಾಹ್ಮಣ ತರುಣರು ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. 1825ರಲ್ಲಿ ಹುಟ್ಟಿದ ಆನಂದರಾಯರಿಗೆ ಆಗ ಹತ್ತೊಂಬತ್ತು ಇನ್ನೂ ತುಂಬಿರಲಿಲ್ಲ. ಪ್ರತಿಷ್ಠಿತ ಮನೆತನ. ಮಿಶನ್ನಿನ ಶಾಲೆಗೆ ಮಗನನ್ನು ಕಳುಹಿಸಿದ್ದು ವಿದ್ಯೆಗಾಗಿ. ಪಟ್ಟಣದಲ್ಲಿ ದೊಡ್ಡ ಗದ್ದಲವಾಯಿತು, ಜನ ಗುಂಪುಗೂಡಿದರು, ಅಧಿಕಾರಿಗಳು ರಕ್ಷಣೆ ಒದಗಿಸಬೇಕಾಯಿತು. ಕಲ್ಯಾಣಪ್ಪನ ದಂಗೆ ನಡೆದು ಆಗ ಏಳು ವರ್ಷಗಳೂ ತುಂಬಿರಲಿಲ್ಲವೆಂಬುದನ್ನು ಗಮನಿಸಿದರೆ ಅಧಿಕಾರಿಗಳ ಆತಂಕ ಅರ್ಥವಾಗುತ್ತದೆ. ಆನಂದರಾಯರ ಪಾಲಿಗೆ ತವರುಮನೆಯ ಬಾಗಿಲು ಮುಚ್ಚಿತು. ದೀಕ್ಷೆಯಲ್ಲಿ ಅವರಿಗೆ ಬಂದ ಹೊಸ ಹೆಸರು ಹರ್ಮನ್, ಅಂದರೆ ಮೊಗ್ಲಿಂಗರದೇ ಹೆಸರು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವಂತೆ ಇಲ್ಲಿ ಗುರುವಿನ ಹೆಸರು ಶಿಷ್ಯನಿಗೆ ದೊರೆಯಿತು. ಅಂದಿನಿಂದ ಹರ್ಮನ್ ಆನಂದರಾವ್ ಕೌಂಡಿನ್ಯರು ಎಲ್ಲ ಅರ್ಥದಲ್ಲೂ ಮೊಗ್ಲಿಂಗರ ಮನೆಯ ಮಗನಾದರು.

ಆ ಮಗನನ್ನು ಮೊಗ್ಲಿಂಗರು ಯುರೋಪಿಗೆ ಕರೆದೊಯ್ದರು. ಅನಾರೋಗ್ಯದ ನಿಮಿತ್ತ ವಿರಾಮ ಪಡೆದು ತಾಯ್ನಾಡಿಗೆ ತೆರಳಿದಾಗ ಆನಂದರಾಯರೂ ಜೊತೆಗಿದ್ದರು. 1846ರಿಂದ ಬಾಸೆಲ್ಲಿನಲ್ಲಿ ಓದಿದ ಅವರು 1851ರಲ್ಲಿ ಪಾದ್ರಿಯ ದೀಕ್ಷೆ ಪಡೆದು ಮಂಗಳೂರಿಗೆ ಮರಳಿದರು, ಸೆಮಿನರಿಯಲ್ಲಿ ಅಧ್ಯಾಪಕರಾದರು. 1860ರಲ್ಲಿ ಮೇರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ವಿವಾಹವಾದರು. ಜರ್ಮನ್ ಹೆಣ್ಣುಮಗಳೊಬ್ಬಳು ಭಾರತೀಯ ಪಾದ್ರಿಯನ್ನು ವರಿಸಲು ಹಡಗು ಹತ್ತಿ ಬಂದ ಈ ಘಟನೆ ಆ ಕಾಲಕ್ಕೆ ಅಸಾಮಾನ್ಯವಾದುದು.

ಇಲ್ಲಿ ಒಂದು ವೈರುಧ್ಯವನ್ನು ಗಮನಿಸಬೇಕು. ಮೊಗ್ಲಿಂಗರು ಮಂಗಳೂರಿನ ಹುಡುಗನನ್ನು ಯುರೋಪಿಗೆ ಕರೆದುಕೊಂಡು ಹೋದ ಅದೇ ದಿನಗಳಲ್ಲಿ ಅವರ ಗೆಳೆಯ ಗುಂಡರ್ಟರ ಕುಟುಂಬವೂ ಯುರೋಪಿಗೆ ಹೋಗಿತ್ತು. ಮರಳಿ ಬರುವಾಗ ಗುಂಡರ್ಟ್ ದಂಪತಿಗಳು ತಮ್ಮ ಹಿರಿಯ ಮಕ್ಕಳನ್ನು ಅಲ್ಲೇ ಬಿಟ್ಟುಬಂದರು. ಅವರಲ್ಲಿ ಒಬ್ಬಳು 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮೇರಿ. ಆಕೆ ಮತ್ತೆ ತಾಯಿಯ ಮುಖ ನೋಡಿದ್ದು 1857ರಲ್ಲಿ, ಹದಿನೈದರ ವಯಸ್ಸಿನಲ್ಲಿ. ಭಾರತದ ಹವೆ ಮಕ್ಕಳಿಗೆ ಮಾರಕವೆಂಬ ಭಯ ಇದಕ್ಕೆ ಒಂದು ಕಾರಣ. ಸುತ್ತಲಿನ ಅನ್ಯಧರ್ಮೀಯರ ನಡೆನುಡಿ ಮಕ್ಕಳಿಗೆ ತಗುಲೀತೆಂಬ ಭಯ ಇನ್ನೊಂದು ಕಾರಣ. ಮಿಶನ್ನಿನ ಮುಖ್ಯಸ್ಥರಾಗಿದ್ದ ಜೋಸೆನ್‌ಹಾನ್ಸರ ಕಾಲದಲ್ಲಿ, 1853ರಲ್ಲಿ, ಇದು ನಿಯಮದ ರೂಪ ತಾಳಿತು. ಮಿಶನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ, ಸುಮಾರಾಗಿ ಆರು ವರ್ಷಕ್ಕೆ, ಬರುತ್ತಿದ್ದಂತೆ ಯುರೋಪಿಗೆ ಹೋಗಬೇಕು. ಅವರಿಗಾಗಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯೊಂದನ್ನು ತೆರೆಯಲಾಯಿತು. ಮದುವೆಗೂ ಮಿಶನ್ನಿನ ಮಂಡಳಿಯ ಅನುಮತಿ ಬೇಕಿತ್ತು. ಎಷ್ಟೋ ಸಲ ವಧುವನ್ನು ಆರಿಸಿ ಹಡಗಿನಲ್ಲಿ ಕಳುಹಿಸುತ್ತಿದ್ದವರೂ ಅವರೇ. ಆ ಮದುವೆಯಿಂದ ಹುಟ್ಟಿದ ಮಕ್ಕಳನ್ನು ಆರೇಳು ವರ್ಷಗಳಲ್ಲಿ ಹಿಂದಕ್ಕೆ ಕರೆಸಿಕೊಳ್ಳುತ್ತಿದ್ದವರೂ ಅವರೇ.

ಹೀಗೆ ಒಂದೇ ಗುಡ್ಡದ ಮೇಲೆ ಎರಡು ಬಗೆಯ ಅಗಲಿಕೆಗಳು ನಡೆಯುತ್ತಿದ್ದವು. ತುಳು, ಕೊಂಕಣಿ, ಕನ್ನಡ ಮಾತಾಡುವ ಹುಡುಗರು ತಮ್ಮ ಮನೆಗಳನ್ನು ಬಿಟ್ಟು ಮಿಶನ್ನಿನ ಮನೆಗೆ ಬರುತ್ತಿದ್ದರು. ಮಿಶನ್ನಿನ ಮನೆಯಲ್ಲಿ ಹುಟ್ಟಿ, ಆಳುಕಾಳುಗಳ ಮಡಿಲಲ್ಲಿ ನೆಲದ ಮಾತನ್ನು ಕಲಿತ ಜರ್ಮನ್ ಮಕ್ಕಳು ತಾವು ಕಂಡರಿಯದ ತಾಯ್ನಾಡಿಗೆ ಹೊರಡುತ್ತಿದ್ದರು. ಈ ತಂದೆಗಳು ಬೇರೆಯವರ ಮಕ್ಕಳಿಗೆ ಕೊಟ್ಟ ದಿನಗಳನ್ನು ತಮ್ಮ ಮಕ್ಕಳಿಗೆ ಕೊಡಲಾಗಲಿಲ್ಲ. ಮಗನನ್ನು ಕಳೆದುಕೊಂಡ ಮಂಗಳೂರಿನ ಬ್ರಾಹ್ಮಣ ತಂದೆಯ ದುಃಖವನ್ನು ಹಡಗಿನ ಕಟ್ಟೆಯಿಂದ ಹಿಂದಿರುಗುತ್ತಿದ್ದ ಮಿಶನರಿ ತಾಯಿ ಅರ್ಥಮಾಡಿಕೊಳ್ಳಬಲ್ಲವಳಾಗಿದ್ದಳು. ಆದರೆ ಅವರಿಬ್ಬರೂ ಪರಸ್ಪರ ಮಾತಾಡುವ ಸಂದರ್ಭ ಆ ಸಮಾಜದಲ್ಲಿ ಇರಲಿಲ್ಲ.

ಕನ್ನಡ ಸಂಶೋಧಕರಾದ ನಮಗೆ ಮುಖ್ಯವೆನಿಸುವ ಪ್ರಶ್ನೆಗೆ ಈಗ ಬರೋಣ. ಈ ಮನೆಗೂ ಮೊಗ್ಲಿಂಗರ ಕನ್ನಡ ಕೆಲಸಕ್ಕೂ ಇರುವ ಸಂಬಂಧವೇನು? ‘ಮಂಗಳೂರ ಸಮಾಚಾರ’ವನ್ನೇ ತೆಗೆದುಕೊಳ್ಳೋಣ. ಪಕ್ಷಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟಗಳ ಪತ್ರಿಕೆ, 1841ರಲ್ಲಿ ಆರಂಭವಾದ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯದಲ್ಲಿ ಅಚ್ಚಾದದ್ದು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಗಿ, ಅದೇ ವರ್ಷ ನಿಂತಿತು. ಊರಿನ ವರ್ತಮಾನ, ಸರಕಾರದ ಕಾಯಿದೆ, ಪರದೇಶದ ಸುದ್ದಿಗಳ ಜೊತೆಗೆ ದಾಸರ ಪದಗಳೂ ಕಥೆಗಳೂ ಅದರಲ್ಲಿ ಜಾಗ ಪಡೆದವು. ಧರ್ಮಪ್ರಚಾರಕನೊಬ್ಬನ ಪತ್ರಿಕೆಯಲ್ಲಿ ಪುರಂದರದಾಸರಿಗೆ ಸ್ಥಾನ ದೊರೆತುದಕ್ಕೆ ಓದುಗರನ್ನು ಸೆಳೆಯುವ ಉಪಾಯವೆಂಬ ವಿವರಣೆಯನ್ನು ಸಾಮಾನ್ಯವಾಗಿ ಕೊಡಲಾಗುತ್ತದೆ. ಆ ವಿವರಣೆ ನನಗೆ ಸಾಲದೆಂದು ತೋರುತ್ತದೆ. ಪತ್ರಿಕೆಯ ಭಾಷೆಯನ್ನು ಗಮನಿಸಿದರೆ ಅದು ಶಾಸ್ತ್ರಿಗಳಿಂದ ಪಾಠ ಹೇಳಿಸಿಕೊಂಡವನ ಭಾಷೆಯಾಗಿ ಕಾಣುವುದಿಲ್ಲ, ಮನೆಮಾತನ್ನು ಕೇಳಿಸಿಕೊಂಡವನ ಭಾಷೆಯಾಗಿ ಕಾಣುತ್ತದೆ. ಸಣ್ಣ ವಾಕ್ಯಗಳು, ಆಡುಮಾತಿನ ಕ್ರಿಯಾಪದಗಳು. ಹುಡುಗರಿಗೆ ಅರ್ಥವಾಗುವಂತೆ ಹೇಳುವ ಅಭ್ಯಾಸ ದಿನವೂ ಇದ್ದವರು ಹೀಗೆ ಬರೆಯುತ್ತಾರೆ.

‘ಬಿಬ್ಲಿಯೋಥಿಕಾ ಕರ್ನಾಟಿಕಾ’ದ ವಿಷಯದಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟವಾಗುತ್ತದೆ. 1848ರಿಂದ ಹೊರಬರತೊಡಗಿದ ಈ ಮಾಲೆಗೆ ಹಣ ಒದಗಿಸಿದವರು ನಿವೃತ್ತ ನ್ಯಾಯಾಧೀಶ ಕಾಸಾಮೇಜರ್. ಜೈಮಿನಿ ಭಾರತ, ಬಸವ ಪುರಾಣ, ಚನ್ನಬಸವ ಪುರಾಣಗಳಂಥ ಪ್ರಬಂಧಗಳ ಜೊತೆಗೆ ದಾಸರ ಪದಗಳು, ರಾವಣ ದಿಗ್ವಿಜಯವೆಂಬ ಯಕ್ಷಗಾನ, ಗಾದೆಗಳ ಸಂಗ್ರಹ ಇವೆಲ್ಲ ಇದರಲ್ಲಿ ಸೇರಿವೆ. ಪಂಡಿತರ ಬಳಿ ಹಸ್ತಪ್ರತಿ ಕೇಳಿ ಪಡೆದ ಸಂಪಾದಕನಿಗೆ ಬಸವ ಪುರಾಣ ದೊರೆಯುತ್ತದೆ. ಗಾದೆ ದೊರೆಯಬೇಕಾದರೆ ಅಂಗಳದಲ್ಲಿ ಕುಳಿತಿರಬೇಕು. ಗಾದೆ, ಪದ, ಆಟದ ಹಾಡು ಇವು ಮೂರೂ ಮನೆಯಲ್ಲಿ ಬಾಯಿಂದ ಬಾಯಿಗೆ ಬರುವ ಸರಕು. ಈ ಸರಕನ್ನು ಸಾಹಿತ್ಯವೆಂದು ಗುರುತಿಸಿ ಪುರಾಣಗಳ ಸಾಲಿನಲ್ಲಿ ಇಟ್ಟ ಮೊದಲಿಗರಲ್ಲಿ ಮೊಗ್ಲಿಂಗರು ಒಬ್ಬರು. ಸೆಮಿನರಿಯ ಹುಡುಗರ ಬಾಯಿಂದಲೇ ಅವರು ಇವುಗಳಲ್ಲಿ ಹಲವನ್ನು ಕೇಳಿಸಿಕೊಂಡಿರಬೇಕೆಂಬುದು ನನ್ನ ಊಹೆ. ಈ ಊಹೆಗೆ ಆಧಾರವೆಂದರೆ ಸಂಗ್ರಹದ ಸ್ವರೂಪವೇ. ಜಾನಪದ ಅಧ್ಯಯನದ ಚರಿತ್ರೆಯನ್ನು ಬರೆಯುವವರು ಕ್ಷೇತ್ರಕಾರ್ಯವೆಂಬ ಪದ ಹುಟ್ಟುವ ಮೊದಲಿನ ಈ ಕ್ಷೇತ್ರವನ್ನು, ಅಂದರೆ ಮಿಶನ್ ಶಾಲೆಯ ಊಟದ ಚಾವಡಿಯನ್ನು, ಗಮನಕ್ಕೆ ತೆಗೆದುಕೊಳ್ಳಬೇಕು.

ಇಲ್ಲಿ ಇನ್ನೊಂದು ತೊಡಕೂ ಇದೆ. ಹುಡುಗರು ಬಿಟ್ಟುಬರಬೇಕೆಂದು ಯಾವ ಧರ್ಮದಿಂದ ಅವರನ್ನು ಬಿಡಿಸಲಾಗುತ್ತಿತ್ತೋ ಅದೇ ಧರ್ಮದ ಹಾಡುಗಳನ್ನು ಅವರ ತಂದೆಯ ಸ್ಥಾನದಲ್ಲಿದ್ದವನು ಜೋಪಾನವಾಗಿ ಬರೆದು ಅಚ್ಚು ಮಾಡಿಸುತ್ತಿದ್ದ. ಮನೆಯೊಳಗಿನ ಪ್ರಾರ್ಥನೆಗೆ ಜರ್ಮನ್ ಧಾಟಿಗಳಿಗೆ ಹೊಂದಿಸಿದ ಕನ್ನಡ ಕೀರ್ತನೆಗಳನ್ನು ಮೊಗ್ಲಿಂಗ್, ವೈಗ್ಲೆ ಮೊದಲಾದವರು ರಚಿಸಿದರು. ಅಚ್ಚುಕೂಟದಲ್ಲಿ ವಿಠ್ಠಲನ ಅಂಕಿತವುಳ್ಳ ಪದಗಳು ಅಚ್ಚಾಗುತ್ತಿದ್ದವು. ಇದನ್ನು ಕಪಟವೆನ್ನುವುದು ಸುಲಭ. ಶತ್ರುವಿನ ಬಲವನ್ನು ಅಳೆಯುವ ವಿದ್ಯೆಯೆಂದು ಹೇಳುವವರೂ ಇದ್ದಾರೆ. ಮಿಶನ್ನಿನ ಮಂಡಳಿಗೆ ಲೆಕ್ಕ ಕೊಡುವಾಗ ಅಂಥ ವಾದ ಉಪಯೋಗಕ್ಕೂ ಬಂದಿರಬಹುದು. ಆದರೆ ಬಲವನ್ನು ಅಳೆಯುವವನು ಒಮ್ಮೆ ಅಳೆದು ಬಿಡುತ್ತಾನೆ. ಮೊಗ್ಲಿಂಗರು ಬಿಡಲಿಲ್ಲವೆಂಬುದನ್ನು ಮುಂದೆ ನೋಡಲಿದ್ದೇವೆ.

1853ರಲ್ಲಿ ಅವರ ಬದುಕು ಇನ್ನೊಂದು ತಿರುವನ್ನು ಪಡೆಯಿತು. ಕೊಡಗಿನ ಅಳಮಂಡ ಮನೆತನದ ಸೋಮಯ್ಯನೆಂಬವನು ಮಂಗಳೂರಿಗೆ ಬಂದು ದೀಕ್ಷಾಸ್ನಾನ ಪಡೆದು ಸ್ತೆಫಾನಸ್ ಸೋಮಯ್ಯನಾದ. ಅವನ ಜೊತೆ ಮೊಗ್ಲಿಂಗರು ಘಟ್ಟ ಹತ್ತಿ ಕೊಡಗಿಗೆ ಹೋದರು. ಮಂಡಳಿಯ ಅಪ್ಪಣೆಗೆ ಅವರು ಕಾಯಲಿಲ್ಲ. ಕೊಡವರಲ್ಲಿ ಮನೆಯೆಂದರೆ ಗಂಡಹೆಂಡಿರ ಮನೆಯಲ್ಲ, ಒಕ್ಕವೆಂಬ ಕೂಡುಕುಟುಂಬ. ಐನ್‌ಮನೆಯಲ್ಲಿ ಹಿರಿಯರ ಗುರುಕಾರೋಣರಿಗೆ ಸಲ್ಲುವ ಪೂಜೆಯೇ ಅದರ ಕೇಂದ್ರ. ಒಕ್ಕದ ಜಮ್ಮಾ ಭೂಮಿಯಲ್ಲಿ ಒಬ್ಬನ ಪಾಲೆಂದು ಬೇರೆ ಇರುವುದಿಲ್ಲ. ಮತಾಂತರಗೊಂಡವನಿಗೆ ಆಸ್ತಿಯ ಹಕ್ಕು ತಪ್ಪಬಾರದೆಂದು ಕಂಪನಿ ಸರಕಾರ 1850ರಲ್ಲಿ ಕಾಯಿದೆಯನ್ನು ಮಾಡಿತ್ತಾದರೂ ಒಕ್ಕದಂಥ ವ್ಯವಸ್ಥೆಯಲ್ಲಿ ಕಾಯಿದೆಯ ಅಕ್ಷರ ಎಷ್ಟು ದೂರ ಹೋದೀತು? ಸೋಮಯ್ಯನಿಗೆ ಎದುರಾದ ವಿರೋಧ ಒಬ್ಬ ವ್ಯಕ್ತಿಯ ನಂಬಿಕೆಯ ಬದಲಾವಣೆಗೆ ಬಂದ ವಿರೋಧವಲ್ಲ, ಮನೆ ಒಡೆದುದಕ್ಕೆ ಬಂದ ವಿರೋಧ. ಕೊಡಗಿನ ಚರಿತ್ರೆ ಮತ್ತು ಸಮಾಜವನ್ನು ಕುರಿತು ಮೊಗ್ಲಿಂಗರು 1855ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥ ಹಾಗೂ 1857ರಲ್ಲಿ ಹೊರಬಂದ ‘ರಾಜೇಂದ್ರನಾಮೆ’ ಈ ವಾಸದ ಫಲಗಳು. ಕೊಡಗಿನಲ್ಲಿ ಅವರು ಕಟ್ಟಿದ ಹೊಸ ಊರಿಗೆ ಆನಂದಪುರವೆಂದು ಹೆಸರಾಯಿತು. ಹೆಸರು ಆನಂದರಾಯರದು. ಮೊದಲು ಮಗನಿಗೆ ತಂದೆಯ ಹೆಸರು, ಅನಂತರ ತಂದೆ ಕಟ್ಟಿದ ಊರಿಗೆ ಮಗನ ಹೆಸರು. ಆನಂದಪುರದಲ್ಲಿ ನೆಲೆ ಕಂಡವರು ಹೆಚ್ಚಾಗಿ ಅಸ್ಪೃಶ್ಯರೆನಿಸಿಕೊಂಡು ಒಡೆಯರ ಜೀತದಲ್ಲಿದ್ದ ಕೃಷಿಕಾರ್ಮಿಕ ಕುಟುಂಬಗಳು. ಕಳೆದುಕೊಳ್ಳಲು ಐನ್‌ಮನೆ ಇಲ್ಲದವರಿಗೆ ಮಿಶನ್ನಿನ ಮನೆ ಬೇರೆಯದೇ ಅರ್ಥದಲ್ಲಿ ದೊರೆಯಿತೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಬ್ರಾಹ್ಮಣ ತರುಣನ ತ್ಯಾಗದ ಕಥೆ ಎಷ್ಟು ಪ್ರಸಿದ್ಧವೋ ಇವರ ಲಾಭದ ಕಥೆ ಅಷ್ಟೇ ಅಪ್ರಸಿದ್ಧ.

1855ರಲ್ಲಿ ವೈಗ್ಲೆಯವರು ತೀರಿಕೊಂಡರು. ಅವರು ಕನ್ನಡ ಬೈಬಲ್ಲಿನ ಪರಿಷ್ಕರಣದಲ್ಲಿ ದುಡಿದವರು. ಕನ್ನಡ ಭಾಷೆ ಮತ್ತು ಸಾಹಿತ್ಯದ ಬಗ್ಗೆ 1848ರಲ್ಲೇ ಜರ್ಮನ್ ಪೌರ್ವಾತ್ಯ ಸಂಘದ ಪತ್ರಿಕೆಯಲ್ಲಿ ಲೇಖನ ಬರೆದವರು. ಅವರ ಪತ್ನಿ ಪೌಲೀನ ಪುಟ್ಟ ಮಕ್ಕಳೊಂದಿಗೆ ಒಂಟಿಯಾದರು. ಕೆಲಕಾಲದ ಅನಂತರ ಮೊಗ್ಲಿಂಗರು ಆಕೆಯನ್ನು ವಿವಾಹವಾದರು. ಅದುವರೆಗೆ ಬ್ರಹ್ಮಚಾರಿಯಾಗಿ ಇತರರ ಮಕ್ಕಳಿಗೆ ತಂದೆಯಾಗಿದ್ದವರು ನಲವತ್ತೈದರ ಆಸುಪಾಸಿನಲ್ಲಿ ಗೃಹಸ್ಥರಾದಾಗಲೂ ಗೆಳೆಯನ ಮಕ್ಕಳಿಗೇ ತಂದೆಯಾದರು. ಮಿಶನ್ ವಲಯದಲ್ಲಿ ಇಂಥ ಮದುವೆಗಳು ಅಪರೂಪವೇನಲ್ಲ. ಸಾವು ಪದೇ ಪದೇ ಬರುತ್ತಿದ್ದ ಆ ಬದುಕಿನಲ್ಲಿ ಮನೆಗಳು ಹೀಗೆ ಕೂಡಿಕೊಂಡೇ ಉಳಿಯಬೇಕಾಗಿತ್ತು. ನಿಘಂಟುಕಾರ ಕಿಟ್ಟೆಲ್ಲರ ಉದಾಹರಣೆಯೂ ಇದೆ. 1860ರಲ್ಲಿ ಅವರು ಪೌಲೀನ ಐತ್ ಅವರನ್ನು ವರಿಸಿದರು. ಆಕೆ 1864ರಲ್ಲಿ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯವರು ಅಕ್ಕನ ಮನೆಯನ್ನು ತುಂಬಿದರು. ತಾಯಿಲ್ಲದ ಮಕ್ಕಳಿಗೆ ಚಿಕ್ಕಮ್ಮನೇ ತಾಯಿಯಾಗುವುದು ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಕಿಟ್ಟೆಲ್ಲರ ನಿಘಂಟಿನ ಹಿಂದಿನ ವರ್ಷಗಳನ್ನು ಲೆಕ್ಕ ಹಾಕುವಾಗ ಈ ಸಾವು ಮತ್ತು ಈ ಮದುವೆಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಮೊಗ್ಲಿಂಗರಿಗೆ ಗೌರವ ಡಾಕ್ಟರೇಟನ್ನು ನೀಡಿತು. ಗೌರವ ದೊರೆತ ಎರಡು ವರ್ಷಗಳಲ್ಲೇ ಪತ್ನಿಯ ಅನಾರೋಗ್ಯದ ಕಾರಣದಿಂದ ಅವರು ಭಾರತವನ್ನು ಬಿಡಬೇಕಾಯಿತು. ಮಂಡಳಿಯ ಅಪ್ಪಣೆಯನ್ನು ಮೀರಿ ಕೊಡಗಿನ ಘಟ್ಟ ಹತ್ತಿದ್ದವರು ಹೆಂಡತಿಗಾಗಿ ಘಟ್ಟವನ್ನಿಳಿದರು. ಮತ್ತೆ ಅವರು ಭಾರತಕ್ಕೆ ಬರಲಿಲ್ಲ.

ಜರ್ಮನಿಯಲ್ಲಿ ಉಳಿದ ಎರಡು ದಶಕಗಳನ್ನು ನಮ್ಮ ಬರಹಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆದರೆ ಮೇಲೆ ಎತ್ತಿದ ಪ್ರಶ್ನೆಗೆ ಉತ್ತರ ದೊರೆಯುವುದು ಅಲ್ಲಿಯೇ. 1860ರಿಂದ ಮುಂದೆ ಹತ್ತು ವರ್ಷಗಳಿಗೂ ಮಿಕ್ಕಿದ ಅವಧಿಯಲ್ಲಿ, ಬಿಡಿಬಿಡಿಯಾಗಿ, ಜರ್ಮನ್ ಪೌರ್ವಾತ್ಯ ಸಂಘದ ಪತ್ರಿಕೆಯಲ್ಲಿ ಮೊಗ್ಲಿಂಗರು ಕನ್ನಡದ ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಪ್ರಕಟಿಸಿದರು. ಆಗ ಅವರಿಗೆ ಮತಾಂತರಿಸಬೇಕಾದ ಶ್ರೋತೃಗಳಿರಲಿಲ್ಲ, ಲೆಕ್ಕ ಒಪ್ಪಿಸಬೇಕಾದ ಸೆಮಿನರಿ ಇರಲಿಲ್ಲ. ಮಂಗಳೂರಿನಲ್ಲಿ ಕೇಳಿಸಿಕೊಂಡ ಪದಗಳು ಮಾತ್ರ ಉಳಿದಿದ್ದವು. ಭಕ್ತನು ತನ್ನ ಒಡೆಯನನ್ನು ಹಂಗಿಸುವ, ಬೇಡುವ, ಮುನಿಯುವ ಆ ಪದಗಳಲ್ಲಿ ಅವರು ತಮ್ಮ ಬಾಲ್ಯದ ಪಯಟಿಸ್ಟ್ ಮನೆಯ ಭಕ್ತಿಯನ್ನು ಗುರುತಿಸಿದ್ದರೆಂದು ನಾನು ತಿಳಿಯುತ್ತೇನೆ. ದೇವರು ಮನೆಯವನಂತೆ ಹತ್ತಿರವಿರಬೇಕು ಎಂಬಲ್ಲಿ ಬ್ರಾಕೆನ್‌ಹೈಮಿಗೂ ಪಂಢರಪುರಕ್ಕೂ ಅಂಥ ದೂರವಿಲ್ಲ. 1866ರಲ್ಲಿ ಕೊಡಗಿನ ಬಗ್ಗೆ ಜರ್ಮನ್ ಪುಸ್ತಕವೊಂದನ್ನು ಸಹಲೇಖಕರಾಗಿ ಹೊರತಂದರು. ಕನ್ನಡನಾಡಿನ ವಿಚಾರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1881ರ ಮೇ 10ರಂದು ಎಸ್‌ಲಿಂಗನ್ನಿನಲ್ಲಿ ಮೊಗ್ಲಿಂಗರು ನಿಧನ ಹೊಂದಿದರು. ಆನಂದರಾವ್ ಕೌಂಡಿನ್ಯರು 1893ರವರೆಗೆ ಬದುಕಿದ್ದರು. ಗುಂಡರ್ಟರು ತೀರಿಕೊಂಡದ್ದೂ ಅದೇ 1893ರಲ್ಲಿ.

ಮೊಗ್ಲಿಂಗರು ತೀರಿಕೊಂಡ 1881ರಲ್ಲಿ ಬಾಸೆಲ್ಲಿಗೆ ಒಂದು ಸಣ್ಣ ಕುಟುಂಬ ಬಂದು ನೆಲೆಸಿತು. ಮನೆಯ ಯಜಮಾನ ಯೋಹಾನೆಸ್ ಹೆಸ್ಸೆ 1869ರಲ್ಲಿ ಭಾರತಕ್ಕೆ ಬಂದು, ಮಂಗಳೂರಿನಲ್ಲಿ ದುಡಿದು, ಆರೋಗ್ಯ ಕೆಟ್ಟು 1873ರಲ್ಲಿ ಮರಳಿದವರು. ಪತ್ನಿ ಮೇರಿ, ನಾಲ್ಕರ ವಯಸ್ಸಿನಲ್ಲಿ ತಂದೆತಾಯಿಗಳಿಂದ ಅಗಲಿಸಲ್ಪಟ್ಟ ಅದೇ ಗುಂಡರ್ಟರ ಮಗಳು. ಅವರ ಮಗನಿಗೂ ಅಜ್ಜನ ಹೆಸರೇ, ಹರ್ಮನ್. ತುಂಟ ಮಗುವನ್ನು ತಿದ್ದುವುದು ತಂದೆತಾಯಿಗಳಿಗೆ ಕಷ್ಟವಾದಾಗ 1884ರಲ್ಲಿ ಕೆಲವು ತಿಂಗಳ ಕಾಲ ಅವನನ್ನು ಮಿಶನ್ನಿನ ಹುಡುಗರ ಮನೆಯಲ್ಲಿ ಇರಿಸಿದರು. ತಂದೆತಾಯಿಗಳು ಅದೇ ಊರಿನಲ್ಲಿದ್ದರೂ ಮುಂದೆ ಕಾದಂಬರಿಕಾರ ಹರ್ಮನ್ ಹೆಸ್ಸೆಯಾಗಲಿದ್ದ ಆ ಹುಡುಗನಿಗೆ ಮನೆಗೆ ಬರಲು ಅವಕಾಶವಿದ್ದದ್ದು ಭಾನುವಾರಗಳಲ್ಲಿ ಮಾತ್ರ.